ಮುನಾವರನ ಹೆಸರಿನ ಗಾಡಿ, ನಿಲೋಫರಳ ಟರ್ಬೊ

ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ಒಂದೇ ಗೋಡೆ ಹಂಚಿಕೊಂಡ ಎರಡು ಅಂಗಡಿಗಳಿವೆ. ದೊಡ್ಡದು ಮುನಾವರನ ಟ್ರ್ಯಾಕ್ಟರ್ ಗ್ಯಾರೇಜು. ಸಣ್ಣದು ಅವನ ತಂಗಿ ನಿಲೋಫರಳ ಕುಶನ್ ಅಂಗಡಿ. ಟ್ರ್ಯಾಕ್ಟರಿನ ಸೀಟು, ಬೈಕಿನ ಸೀಟ್ ಕವರು, ಟಂಟಂ ಗಾಡಿಯ ಮೇಲ್ಹೊದಿಕೆ, ಎಲ್ಲವನ್ನೂ ಅವಳು ಹೊಲಿಯುತ್ತಾಳೆ. ವಯಸ್ಸು ನಲವತ್ತರ ಹತ್ತಿರ. ಗಂಡನ ಮನೆಯಿಂದ ತಿರುಗಿ ಬಂದ ವರ್ಷ, ತೀರಿಹೋದ ತಂದೆಯ ಹೊಲಿಗೆ ಮಷೀನನ್ನು ಮುಂದಕ್ಕೆ ಎಳೆದುಕೊಂಡು ಕೂತವಳು ಮತ್ತೆ ಎದ್ದಿಲ್ಲ.

ಗ್ಯಾರೇಜಿನ ಹಿಂದಿನ ಬೇವಿನ ಮರದ ಕೆಳಗೆ ಆ ಕಾರು ಬಂದು ನಿಂತಾಗ ಅದು ಸತ್ತಿತ್ತು. ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಗಾಡಿ, ಜೊತೆಗೆ ಟರ್ಬೊ. ಎಂಜಿನ್ ಹೊರಹಾಕುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಎಂಜಿನ್ನಿನೊಳಗೆ ಹೆಚ್ಚು ಗಾಳಿ ನೂಕುವುದು ಟರ್ಬೊದ ಕೆಲಸ. ಸಣ್ಣ ಎಂಜಿನ್ ದೊಡ್ಡದರ ಹಾಗೆ ಎಳೆಯುವುದು ಅದರಿಂದಲೇ. ಮೊದಲಿನ ಮಾಲೀಕ ಗುತ್ತಿಗೆದಾರ. ಅವನು ಕಾಲಕಾಲಕ್ಕೆ ಆಯಿಲ್ ಬದಲಿಸಿರಲಿಲ್ಲ. ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಕೊಳವೆ ಕಟ್ಟಿಕೊಂಡು ಒಳಗಿನ ಚಕ್ರ ಹಿಡಿದು ಹೋಗಿತ್ತು. ಬಾಗಿಲು, ಗಾಲಿ, ದೀಪಗಳನ್ನು ಬಿಡಿಯಾಗಿ ಮಾರಿದರಾಯಿತೆಂದು ಮುನಾವರ ಅದನ್ನು ಗುಜರಿಯ ಲೆಕ್ಕದಲ್ಲಿ ತೆಗೆದುಕೊಂಡು, ಕಾಗದಗಳನ್ನು ತನ್ನ ಹೆಸರಿಗೆ ಮಾಡಿಸಿದ್ದ.

"ಭಾಯಿ, ಇದಕ್ಕ ನಾ ಕೈ ಹಚ್ಚಲೇನು?" ಎಂದು ನಿಲೋಫರ ಕೇಳಿದಳು.

"ಹಚ್ಚು. ಸತ್ತದ್ದನ್ನ ಇನ್ನೊಮ್ಮೆ ಹ್ಯಾಂಗ ಸಾಯಿಸ್ತೀ?" ಎಂದ ಮುನಾವರ.

ಅವಳಿಗೆ ಕಾರು ಬೇಕಾಗಿದ್ದದ್ದು ಸಂತೆಗಳಿಗಾಗಿ. ನರಗುಂದ, ಗಜೇಂದ್ರಗಡದ ಸಂತೆಯ ದಿನ ಹೊಲಿಗೆ ಮಷೀನು ಒಯ್ದು ಕೂತರೆ, ಸಂತೆಗೆ ಬಂದ ಗಾಡಿಗಳ ಸೀಟುಗಳನ್ನು ಅಲ್ಲೇ ಹೊಲಿದು ಕೊಡಬಹುದು. ಆದರೆ ಮಷೀನು ಬಸ್ಸಿನಲ್ಲಿ ಹತ್ತುವುದಿಲ್ಲ. ಅಣ್ಣನ ಗೂಡ್ಸ್ ಗಾಡಿ ಖಾಲಿಯಾಗುವ ಹೊತ್ತಿಗೆ ಸಂತೆಯೇ ಮುಗಿದಿರುತ್ತಿತ್ತು.

ಹುಬ್ಬಳ್ಳಿಯ ಗುಜರಿ ಬಜಾರಿನಲ್ಲಿ ಅದೇ ಅಳತೆಯ ಟರ್ಬೊ ಹುಡುಕಿ ತಂದಳು. ಅಣ್ಣನ ಪಾನಾ, ಸ್ಕ್ರೂಡ್ರೈವರುಗಳನ್ನು ಬಳಸಿ, ಅಣ್ಣನ ಬೈಗುಳ ಕೇಳುತ್ತ, ಕಟ್ಟಿದ್ದ ಆಯಿಲ್ ಕೊಳವೆ ಬಿಡಿಸಿ ತಾನೇ ಕೂಡಿಸಿದಳು. ಎಂಜಿನ್ ಎದ್ದಿತು. ಅಲ್ಲಿಗೆ ಅವಳು ನಿಲ್ಲಲಿಲ್ಲ.

ಈ ಕಡೆ ರಾಶಿಯ ದಿನಗಳಲ್ಲಿ ರೈತರು ಹೆಸರು, ಕಡಲೆಗಳನ್ನು ಬಳ್ಳಿಸಮೇತ ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಹೋಗಿ ಬರುವ ಗಾಡಿಗಳು ತುಳಿದು ಕಾಳು ಬಿಡಿಸುತ್ತವೆ. ಒಣಗಿದ ಬಳ್ಳಿ ಕಾರಿನ ಹೊಟ್ಟೆಗೆ ಸುತ್ತಿಕೊಂಡು, ಕೆಂಪಗೆ ಕಾದ ಸೈಲೆನ್ಸರ್ ಕೊಳವೆಗೆ ತಾಗಿದರೆ ಬೆಂಕಿ. ಟರ್ಬೊ ಗಾಡಿಯಲ್ಲಿ ಆ ಕಾವು ಇನ್ನೂ ಹೆಚ್ಚು. ಹಳೆಯ ಟ್ರ್ಯಾಕ್ಟರ್ ಮಡ್‌ಗಾರ್ಡಿನ ತಗಡನ್ನು ಬಡಿದು ನೇರಮಾಡಿ, ಗಾಳಿಯಾಡಲು ಸೀಳು ಬಿಟ್ಟು, ಅವಳು ಕಾರಿನ ಹೊಟ್ಟೆಯ ಕೆಳಗೆ ಬಿಗಿದಳು. ಬಿಸಿ ಕೊಳವೆಗೆ ಬೆಂಕಿ ತಡೆಯುವ ಗಾಜಿನ ನಾರಿನ ಪಟ್ಟಿ ಸುತ್ತಿದಳು. ಟರ್ಬೊದಿಂದ ಬಂದ ಗಾಳಿಯನ್ನು ತಣ್ಣಗೆ ಮಾಡುವ ಜಾಲರಿ ಮುಂದಿನ ಬಂಪರಿನ ಹಿಂದೆ ಇತ್ತು. ಅದರೊಳಗೆ ಹೊಟ್ಟು ತುಂಬದಂತೆ ಬಿಚ್ಚಿ ತೊಳೆಯುವ ಬಲೆಯೊಂದನ್ನು ಹೊಲಿದಳು. ಹಿಂದಿನ ಸೀಟು ತೆಗೆದು ಮಷೀನು ಕೂರುವ ಕಟ್ಟೆ ಮಾಡಿದಳು. ಭಾರಕ್ಕೆ ಬಗ್ಗದಂತೆ ಸ್ಪ್ರಿಂಗ್ ಬದಲಿಸಿದಳು. ಟರ್ಬೊದ ಗಾಳಿಯ ಒತ್ತಡ ತೋರಿಸುವ ಮೀಟರನ್ನು ಸ್ಟೇರಿಂಗ್ ಪಕ್ಕ ಕೂಡಿಸಿ, ಅದಕ್ಕೂ ರೆಕ್ಸಿನ್ ಅಂಗಿ ಹೊಲಿದಳು.

ಓಡಿ ಬಂದ ಮೇಲೆ ಟರ್ಬೊ ಗಾಡಿಯನ್ನು ಒಮ್ಮೆಲೆ ಆರಿಸಬಾರದು. ಚಕ್ರ ನಿಧಾನಕ್ಕೆ ಬರುವವರೆಗೆ ಎಂಜಿನ್ ನಡೆಯಬೇಕು. ನಿಲೋಫರ ಅಷ್ಟು ಹೊತ್ತು ಕಾರಿನಲ್ಲೇ ಕೂತಿರುತ್ತಿದ್ದಳು. ಎದುರಿಗೆ ಚಹಾದ ಅಂಗಡಿ ಇಟ್ಟ ಅಡಿವೆವ್ವ ಸುಮ್ಮನಿರುವವಳಲ್ಲ.

"ಏನ ನಿಲೋಫರ, ಇಳಿಯಾಕ ಮನಸಿಲ್ಲೇನ?"

"ಓಡಿ ಬಂದೈತಿ ಚಿಗವ್ವಾ, ಸ್ವಲ್ಪ ದಮ್ ತಗೊಳ್ಳಲಿ."

"ನಾನೂ ಮುಂಜಾಲಿಂದ ಓಡಾಡಾಕತ್ತೀನಿ. ನನಗ್ಯಾರರ ದಮ್ ತಗೋ ಅಂದಾರೇನ?"

ತಪ್ಪು ಆದದ್ದು ಕಡಲೆ ರಾಶಿಯ ಕಾಲದಲ್ಲಿ. ಎರೆ ಮಣ್ಣಿನ ಧೂಳು ಹಿಟ್ಟಿಗಿಂತ ನುಣುಪು. ಅದಕ್ಕಾಗಿ ಸುತ್ತಲಿನ ರೈತರು ಟ್ರ್ಯಾಕ್ಟರ್ ಎಂಜಿನ್ ಗಾಳಿ ಎಳೆಯುವ ಬಾಯಿಗೆ ಬಟ್ಟೆಯ ಟೋಪಿ ಕಟ್ಟುತ್ತಾರೆ. ಸಂಜೆ ಬಿಚ್ಚಿ, ಝಾಡಿಸಿ, ಮರುದಿನ ಮತ್ತೆ ಕಟ್ಟುತ್ತಾರೆ. ಆ ಟೋಪಿಗಳನ್ನು ಹೊಲಿಯುವವಳೇ ನಿಲೋಫರ. ಹಳೇ ಧೋತರದ ಎರಡು ಪದರು, ಅಂಚಿಗೆ ಲಾಡಿ. ಊರಿನ ಟ್ರ್ಯಾಕ್ಟರುಗಳಿಗೆಲ್ಲ ಹೊಲಿದು ಕೊಟ್ಟವಳು ತನ್ನ ಕಾರಿಗೂ ಒಂದನ್ನು ಹೊಲಿದು, ಬಾನೆಟ್ಟಿನ ಒಳಗೆ ಗಾಳಿಯ ಕೊಳವೆಯ ಬಾಯಿಗೆ ಕಟ್ಟಿದಳು.

ಸಪಾಟಾದ ರಸ್ತೆಯಲ್ಲಿ ಏನೂ ಆಗಲಿಲ್ಲ. ಗಜೇಂದ್ರಗಡದ ಸಂತೆಯ ದಿನ, ಮಷೀನು ಮತ್ತು ರೆಕ್ಸಿನ್ ಸುರುಳಿಗಳ ಭಾರ ಹೊತ್ತು, ರಾಶಿಯ ಧೂಳಿನಲ್ಲಿ ಹಾದುಬಂದ ಕಾರು ಗುಡ್ಡದ ಏರಿನಲ್ಲಿ ಸೊರಗಿತು. ಕರಿ ಹೊಗೆ ಉಗುಳಿ ನಿಂತಿತು. ಟ್ರ್ಯಾಕ್ಟರಿನ ಎಳೆತ ಬೇರೆ, ಟರ್ಬೊದ ಎಳೆತ ಬೇರೆ. ಧೂಳು ತುಂಬಿದ ಟೋಪಿಯನ್ನು ಟರ್ಬೊ ಒಳಕ್ಕೆ ಎಳೆದುಕೊಂಡು ತನ್ನ ಗಂಟಲನ್ನು ತಾನೇ ಮುಚ್ಚಿಕೊಂಡಿತ್ತು. ನಿಲೋಫರ ಬಾನೆಟ್ ತೆಗೆದು, ಎಂಜಿನ್ ತಣ್ಣಗಾಗುವವರೆಗೆ ಬಹಳ ಹೊತ್ತು ಕಾದು, ಕೊಳವೆ ಬಿಚ್ಚಿ, ಬಟ್ಟೆಯನ್ನು ಎಳೆದು ಹೊರಗೆ ತೆಗೆದಳು. ಟರ್ಬೊದ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿದಳು. ತಿರುಗಿತು.

ಅಷ್ಟರಲ್ಲಿ ದಾರಿಹೋಕರು ಯಾರೋ ಮುನಾವರನಿಗೆ ಫೋನ್ ಮಾಡಿದ್ದರು. ಅವನು ಟ್ರ್ಯಾಕ್ಟರ್ ತೆಗೆದುಕೊಂಡೇ ಬಂದ.

"ಸಿಕ್ತು ಭಾಯಿ. ಟೋಪಿ ಕಟ್ಟಿದ್ದು ನನ್ನ ತಪ್ಪು. ಕೊಳವಿ ಹಚ್ಚಿದ್ರ ಮುಗೀತು, ಚಾಲೂ ಆಗತೈತಿ" ಎಂದಳು.

"ನಡುರಸ್ತೇದಾಗ ಬಾನೆಟ್ ತಗದು ನಿಂತದ್ದು ಸಾಕು. ಕೂಡು ಒಳಗ."

"ಚಾಲೂ ಆಗತೈತಿ ಅಂದೆ."

"ಕೂಡು ಅಂದೆ."

ಅವನು ಹಗ್ಗ ಕಟ್ಟಿದ. ಅವನು ಗಂಟು ಹಾಕುವುದರೊಳಗೆ ಇವಳು ಕೊಳವೆ ಕೂಡಿಸಿ ಎಂಜಿನ್ ಚಾಲೂ ಮಾಡಿದಳು. ಆದರೂ ಅವನು ಹಗ್ಗ ಬಿಚ್ಚಲಿಲ್ಲ. ಗಜೇಂದ್ರಗಡದ ಏರಿನಿಂದ ರೋಣದವರೆಗೆ, ಹೊಲಗಳಲ್ಲಿದ್ದವರು, ರಸ್ತೆಯ ಮೇಲೆ ಕಡಲೆ ತಿರುವುತ್ತಿದ್ದವರು, ಟ್ರ್ಯಾಕ್ಟರಿನ ಹಿಂದೆ ಎಳೆಸಿಕೊಂಡು ಹೋಗುತ್ತಿದ್ದ ಕಾರನ್ನು ನೋಡಿದರು. ಆ ಕಾರಿನ ಎಂಜಿನ್ ದಾರಿಯುದ್ದಕ್ಕೂ ನಡೆಯುತ್ತಿತ್ತು. ಹೆಜ್ಜೆ ಹೆಜ್ಜೆಗೂ ಅವಳು ಆಕ್ಸಿಲರೇಟರ್ ಒತ್ತಿ ಅದನ್ನು ಎಲ್ಲರಿಗೂ ಕೇಳಿಸಿದಳು.

ಮನೆಯಲ್ಲಿ ಮುನಾವರ ತೀರ್ಮಾನ ಹೇಳಿದ. ಕಾರು ಮಾರುವುದು. ನರಗುಂದದಲ್ಲಿ ಹಳೇ ಗಾಡಿಗಳ ವ್ಯವಹಾರ ಮಾಡುವ ಪ್ರಭುಲಿಂಗಪ್ಪ ರವಿವಾರ ಬರುತ್ತಾರೆ.

"ಯಾರ ಗಾಡಿ ಮಾರ್ತೀ?" ಎಂದಳು ನಿಲೋಫರ.

"ಕಾಗದದ ಮ್ಯಾಲೆ ಯಾರ ಹೆಸರೈತಿ ನೋಡು."

ತಾಯಿ ಚಮನಬಿ ನಡುವೆ ಬಂದರು. "ಒಮ್ಮೆ ತಪ್ಪಾತು ಅಂದಾಳಲ್ಲೋ. ನೀ ಹಚ್ಚಿದ ಗೇರ್‌ಬಾಕ್ಸ್ ಎಷ್ಟು ಸಲ ತಿರುಗಿ ಬಂದಾವು, ನಾ ಗ್ಯಾರೇಜ್ ಮಾರು ಅಂದೇನೇನು?"

"ಅದು ಬ್ಯಾರೆ ಅಮ್ಮಾ."

"ಹ್ಯಾಂಗ ಬ್ಯಾರೆ, ಅದನ್ನ ಹೇಳು."

ನಿಲೋಫರ ಅಳಲೂ ಇಲ್ಲ, ಜಗಳ ಮುಂದುವರಿಸಲೂ ಇಲ್ಲ. "ಕಾಗದದಾಗ ಇದ್ದದ್ದು ನಿಂದು. ಖರೇ" ಎಂದಷ್ಟೇ ಹೇಳಿ ಎದ್ದಳು.

ರವಿವಾರ ಮುಂಜಾನೆ ಅಡಿವೆವ್ವ ಒಲೆ ಹಚ್ಚುವ ಹೊತ್ತಿಗೆ ಕಾರು ಗ್ಯಾರೇಜಿನ ಬಾಗಿಲಿಗೆ ಅಡ್ಡಲಾಗಿ ನಿಂತಿತ್ತು. ಕೆಳಗೆ ಕಲ್ಲುಗಳ ಆಸರೆ ಕೊಟ್ಟು ಎತ್ತಲಾಗಿತ್ತು. ಪಕ್ಕದಲ್ಲಿ ಅಗಲವಾದ ರೆಕ್ಸಿನ್ ಹಾಸಿ, ನಿಲೋಫರ ಕಾರಿನ ಕೆಳಗಿನಿಂದ ತಗಡು ಬಿಚ್ಚುತ್ತಿದ್ದಳು. ತಗಡು ಬಂತು. ಬಲೆ ಬಂತು. ಸ್ಪ್ರಿಂಗ್‌ಗಳು ಬಂದವು. ಮೀಟರು ತನ್ನ ಅಂಗಿಸಮೇತ ಬಂತು. ಮುಂದಿನ ಸೀಟುಗಳಿಗೆ ಅವಳೇ ಹಾಕಿದ್ದ ಕವರು, ಸ್ಪಂಜು ಹೋಗಿ ಬರೀ ಕಬ್ಬಿಣದ ಚೌಕಟ್ಟು ಉಳಿಯಿತು. ಪ್ರಭುಲಿಂಗಪ್ಪನವರು ಬೈಕಿನಿಂದ ಇಳಿದಾಗ ಅವಳು ಟರ್ಬೊದ ಆಯಿಲ್ ಕೊಳವೆಗೆ ಕೈ ಹಚ್ಚಿದ್ದಳು. ಕೆಳಗೆ ಬೋಗುಣಿಯಲ್ಲಿ ಕರಿ ಆಯಿಲ್ ತೊಟ್ಟಿಕ್ಕುತ್ತಿತ್ತು.

"ಏನ್ರಿ ಅಕ್ಕಾರ, ಸರ್ವೀಸ್ ಮಾಡಾಕತ್ತೀರೇನು?"

"ಇಲ್ರಿ. ಗಾಡಿ ನಮ್ಮ ಅಣ್ಣಂದು. ಅಂವಾ ತಂದಾಗ ಹ್ಯಾಂಗಿತ್ತೋ ಹಂಗ ನಿಮಗ ಕೊಡಾಕತ್ತೀನಿ. ನಂದ ಇದ್ದದ್ದನ್ನ ನಾ ತಗೋತೀನಿ. ಕೂಡ್ರಿ, ಚಾ ಕುಡೀರಿ. ಲಗೂ ಮುಗಸ್ತೀನಿ."

ಮುನಾವರ ಹೊರಗೆ ಬಂದ. "ಏನ್ ಹುಚ್ಚಾಟ ಇದು! ಜೋಡಸು ಅದನ್ನ."

"ಕಾಗದದಾಗ ಬರದಾರೇನು ಭಾಯಿ, ಈ ತಗಡು? ಈ ಬಲಿ? ತೋರಸು, ಜೋಡಸ್ತೀನಿ."

"ಟರ್ಬೊ ಇಲ್ಲದ ಗಾಡಿ ಯಾರ ತಗೋತಾರ?"

"ನೀ ತಗೊಂಡಿದ್ದಿಯಲ್ಲ!"

ಅಡಿವೆವ್ವನ ಅಂಗಡಿಯ ಬೆಂಚಿನ ಮೇಲೆ ಕೂತವರು ನಕ್ಕರು. ಅಡಿವೆವ್ವ ಪ್ರಭುಲಿಂಗಪ್ಪನವರಿಗೆ ಚಹಾ ಕೊಡುತ್ತ, "ಕುಡೀರಿ ಸಾವಕಾರ್ರ. ಗಾಡಿ ಹೆಂಗೂ ಹೊತ್ಕೊಂಡ ಹೋಗಬೇಕು ನೀವು, ಶಕ್ತಿ ಬೇಕಾಗತೈತಿ" ಎಂದಳು.

ಪ್ರಭುಲಿಂಗಪ್ಪನವರು ಚಹಾ ಕುಡಿದರು. ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಬಗ್ಗಿ ಕೆಳಗೆ ನೋಡಿದರು. ಟರ್ಬೊ ಹೊರಗೆ ಬಂದು ರೆಕ್ಸಿನ್ ಮೇಲೆ ಕೂತ ಮೇಲೆ ಮುನಾವರನ ಹೆಗಲ ಮೇಲೆ ಕೈಯಿಟ್ಟು, "ಮುನಾವರ್ ಸಾಹೇಬ್ರ, ನೀವು ಫೋನಿನ್ಯಾಗ ಹೇಳಿದ ಗಾಡಿ ನೆಲದ ಮ್ಯಾಲೆ ಐತ್ರಿ. ಅದನ್ನ ಮಾರೂದಿದ್ರ ಅದರ ಮಾಲಕರನ್ನ ಕೇಳಿ ನನಗ ಹೇಳ್ರಿ" ಎಂದು ಬೈಕ್ ಹತ್ತಿದರು.

ರಸ್ತೆಯಲ್ಲಿ ರಿಪೇರಿಗೆ ಬಂದ ಎರಡು ಟ್ರ್ಯಾಕ್ಟರುಗಳು ಹಾರ್ನ್ ಹೊಡೆಯುತ್ತಿದ್ದವು. ಒಳಗೆ ಹೋಗಲು ದಾರಿಯಿರಲಿಲ್ಲ. ರಾಶಿಯ ಹಂಗಾಮು, ರೈತರು ಕಾಯುವವರಲ್ಲ.

"ಹಾದಿ ಬಿಡು" ಎಂದ ಮುನಾವರ. ದನಿ ತಗ್ಗಿತ್ತು.

"ಗಾಡಿ ನಿಂದು. ನೀ ಸರಿಸು."

"ನಿಲೋಫರ..."

"ನನ್ನ ಹೆಸರಿಗೆ ಮಾಡಿ ಕೊಡು. ನಾಳೆ ಗದಗಿನ ಆರ್‌ಟಿಓ ಆಫೀಸಿನ್ಯಾಗ ಸಹಿ ಆತಂದ್ರ ನಾಡಿದ್ದಿಗೆ ಹಾದಿ ಖಾಲಿ. ಅಲ್ಲೀತನಕಾ ಒಂದ ಬೋಲ್ಟೂ ಹಚ್ಚೂದಿಲ್ಲ."

"ಮತ್ತ ನಡುರಸ್ತೇದಾಗ ನಿಂತ್ರ?"

"ನಿಲ್ಲತೀನಿ. ನನ್ನ ಗಾಡಿ, ನಾ ಕೆಡಸ್ತೀನಿ, ನಾ ಕಟ್ತೀನಿ. ನೀ ಹಗ್ಗ ತರಬ್ಯಾಡ."

ಆ ದಿನ ಟ್ರ್ಯಾಕ್ಟರುಗಳನ್ನು ರಸ್ತೆ ಬದಿಯಲ್ಲೇ ನಿಲ್ಲಿಸಿಕೊಂಡು, ಬಿಸಿಲಿನಲ್ಲಿ ಮಲಗಿ ಮುನಾವರ ಕೆಲಸ ಮಾಡಿದ. ಸೋಮವಾರ ಮುಂಜಾನೆ ಅವನೇ ಬೈಕ್ ತೆಗೆದು, ಮನೆಯ ಮುಂದೆ ನಿಲ್ಲಿಸಿ, ಮುಖ ಆಚೆ ತಿರುಗಿಸಿ, "ಹತ್ತು" ಎಂದ.

"ನಿನ್ನ ಹಿಂದ ಕೂಡೂದಿಲ್ಲ. ನೀ ಮುಂದ ನಡಿ. ನಾ ಬಸ್ಸಿಗೆ ಬರ್ತೀನಿ."

ಅವಳು ಗದಗಿನ ಬಸ್ಸು ಹತ್ತಿದಳು. ತಾನಿಲ್ಲದಾಗ ಅಣ್ಣ ಯಾರಿಂದಲಾದರೂ ಕಾರು ಕಟ್ಟಿಸಿ, ಪ್ರಭುಲಿಂಗಪ್ಪನವರನ್ನು ಮತ್ತೆ ಕರೆದಾನೆಂಬ ಅನುಮಾನ ಅವಳಿಗೆ ಹೋಗಿರಲಿಲ್ಲ. ಟರ್ಬೊವನ್ನು ಒರೆಸಿ, ರೆಕ್ಸಿನ್ ತುಂಡಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು, ಗಂಟಿನ ಮೇಲೆ ಬೆರಳು ತಟ್ಟಿದ. ಕಬ್ಬಿಣದ ಸದ್ದು ಬಂತು.

"ಏನ್ರಿ ಬಾಯಾರ, ಲಗೇಜಿನ್ಯಾಗ?"

"ಗಾಡಿ ಐತ್ರಿ," ಎಂದಳು ನಿಲೋಫರ. "ನಂದು."