ಭಾಗಾಕಾರದಲ್ಲಿ ನಮ್ಮ ವೈನಿಯ ಪಾಲು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸ್ತ್ರೀಸ್ವಾತಂತ್ರ್ಯದ ಪರ ವಾದಿಸಿ ಬಹುಮಾನ ಗೆದ್ದಿದ್ದ ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ಅಳವಂಡಿಯ ಮನೆಗೆ ಮರಳಿದಾಗ, ಸ್ವತಂತ್ರಗೊಳಿಸಲು ಕೈಗೆ ಸಿಕ್ಕವರು ಅಣ್ಣನ ಹೆಂಡತಿ, ನಮ್ಮ ವೈನಿ. ಊರಿನ ಬಾಲವಾಡಿಗೆ ಟೀಚರು ಬೇಕಾಗಿದ್ದರು. ಏಳನೆಯ ತರಗತಿ ಪಾಸಾಗಿರಬೇಕಿತ್ತು. ವೈನಿಯದು ಆರಕ್ಕೇ ನಿಂತಿತ್ತು. ಆ ಕೆಲಸದ ಮೇಲೆ ಅವರಿಗೆ ಎಷ್ಟು ಆಸೆಯೆಂದರೆ, ರೊಟ್ಟಿ ಬಡಿಯುತ್ತಲೇ ಮಗ್ಗಿ ಒಪ್ಪಿಸುತ್ತಿದ್ದರು. ಅವ್ವ ಒಂದೇ ಷರತ್ತು ಹಾಕಿದ್ದಳು: "ಏಳನೇದರ ಪರೀಕ್ಷಿಗೆ ಒಮ್ಮೆ ಕೂಡು. ನಪಾಸಾದಿ ಅಂದ್ರ ಮತ್ತ ಪರೀಕ್ಷಿ ಮಾತು ಎತ್ತಬ್ಯಾಡ."

ಗಣಿತ ಕಲಿಸುವ ಹೊಣೆ ನಾನು ಹೊತ್ತೆ. ಕೂಡಿಸುವುದು, ಕಳೆಯುವುದು, ಗುಣಿಸುವುದು ಸಲೀಸಾಗಿ ಬಂದವು. ಭಾಗಾಕಾರದಲ್ಲಿ ಗಾಡಿ ನಿಂತಿತು.

"ವೈನಿ, ಹನ್ನೆರಡು ರೊಟ್ಟಿ ಅದಾವ್ರಿ. ಮನ್ಯಾಗ ನಾಕು ಮಂದಿ. ಒಬ್ಬೊಬ್ಬರಿಗೆ ಎಷ್ಟು?"

"ನಾಕು."

"ಹೆಂಗ್ರಿ?"

"ಅತ್ತಿಗೆ ನಾಕು, ನಿಮ್ಮಣ್ಣಗ ನಾಕು, ನಿನಗ ನಾಕು. ಮುಗೀತಲ್ಲ."

"ಮತ್ತ ನೀವು?"

"ನಾ ಬಡಸಾಕಿ ಅಲ್ಲೇನೋ ತಮ್ಮಾ. ಉಳಿದದ್ದು ತಿಂತೀನಿ."

"ಏನೂ ಉಳದಿಲ್ರಿ!"

"ಹಂಗಾರ ಇನ್ನೆರಡು ಬಡೀತೀನಿ."

ಗಣಿತಶಾಸ್ತ್ರದಲ್ಲಿ ಇನ್ನೆರಡು ಬಡಿಯಲು ಅವಕಾಶವಿಲ್ಲ. ನಾನು ಎದ್ದು ನಿಂತು, ಭಾಗಾಕಾರವೆಂಬುದು ಸಮಾನತೆಯ ಅಂಕರೂಪವೆಂದೂ, ಬಡಿಸುವವಳನ್ನು ಎಣಿಕೆಯಿಂದ ಹೊರಗಿಡುವ ಸಮಾಜಕ್ಕೆ ಏಳಿಗೆಯಿಲ್ಲವೆಂದೂ ಅರ್ಧ ತಾಸು ಪ್ರತಿಪಾದಿಸಿದೆ. "ಹಿಟ್ಟು ಒಣಗಾಕತ್ತೈತಿ," ಎಂದು ಅವ್ವ ಒಳಗಿನಿಂದ ಸಭೆಯನ್ನು ಮುಗಿಸಿದಳು.

ಭಾಷಣ ಅಗತ್ಯಕ್ಕಿಂತ ಹೆಚ್ಚು ಫಲಿಸಿತು. ಮರುದಿನ ನಲವತ್ತು ಮಾವಿನಹಣ್ಣನ್ನು ಎಂಟು ಹುಡುಗರಿಗೆ ಹಂಚಲು ಕೊಟ್ಟರೆ, ವೈನಿ ಒಂಬತ್ತರಿಂದ ಭಾಗಿಸಿದರು.

"ಒಂಬತ್ತನೇದವರು ಯಾರ್ರೀ?"

"ನಾ! ನಿಮ್ಮನ್ನ ಬಿಟ್ಟು ಎಣಸಬ್ಯಾಡ್ರಿ ಅಂತ ನೀನ ಹೇಳಿದ್ದಿಲ್ಲ?"

ಐವತ್ತಾರು ಸಿಪಾಯಿಗಳನ್ನು ಏಳು ಡೇರೆಗಳಿಗೆ ಹಂಚುವಾಗಲೂ ತಮಗೊಂದು ಪ್ರತ್ಯೇಕ ಡೇರೆ ಹಾಕಿಸಿಕೊಂಡರು. "ಸಿಪಾಯಿಗೋಳ ನಡುವ ಇಕೀದೇನೋ ಕೆಲಸ?" ಎಂದು ಅವ್ವ ನನ್ನನ್ನೇ ಗದರಿದಳು.

ಪರೀಕ್ಷೆ ಹತ್ತಿರ ಬಂದಿತ್ತು. ವಾದವನ್ನು ಬದಿಗಿಟ್ಟು ಹುಣಸೆಬೀಜ ತಂದೆ. ಲೆಕ್ಕದಲ್ಲಿ ಯಾರನ್ನು ಹೇಳಿದೆಯೋ ಅವರಿಗಷ್ಟೇ ನೆಲದ ಮೇಲೆ ಒಂದೊಂದು ಮನೆ ಬರೆಯಿರಿ, ಬೀಜ ಮುಗಿಯುವವರೆಗೆ ಸರತಿಯಂತೆ ಹಾಕಿ ಎಂದೆ. ವೈನಿ ಹಾಕಿದರು, ಒಂದು ಮನೆ ಎಣಿಸಿದರು, ಇನ್ನೊಂದನ್ನೂ ಎಣಿಸಿ ನೋಡಿದರು. ಮುಖ ಅರಳಿತು.

"ಎಲ್ಲಾ ಮನ್ಯಾಗೂ ಅಷ್ಟಷ್ಟ ಅದಾವು! ಭಾಗಾಕಾರ ಅಂದ್ರ ಇಷ್ಟನ? ಇದಕ ಅರ್ಧ ತಾಸು ಯಾಕ ಒದರಿದ್ಯೋ ಮಾರಾಯ?"

ಬಹುಮಾನ ಗೆದ್ದಿದ್ದ ನಾನು ಬೀಜ ಬಾಚಿಕೊಂಡು ಮುಂದಿನ ಲೆಕ್ಕ ಕೊಟ್ಟೆ.

ಕೊಪ್ಪಳದಲ್ಲಿ ಪರೀಕ್ಷೆ ಬರೆದು ಬಸ್ಸಿಳಿದ ವೈನಿಯನ್ನು ಅಲ್ಲೇ ತಡೆದು ಭಾಗಾಕಾರದ ಗತಿ ಕೇಳಿದೆ.

"ತಾಯಿಯೊಬ್ಬಾಕಿ ಐದು ಮಕ್ಕಳಿಗೆ ನಲವತ್ತೈದು ಬಾಳಿಹಣ್ಣು ಹಂಚ್ಯಾಳ ಅಂತ ಕೊಟ್ಟಿದ್ರು. ಎದ್ದು ನಿಂತು, ಆ ತಾಯಿ ತಿಂದಾಳೋ ಇಲ್ಲೋ ಸರ, ಅಂತ ಕೇಳಿದೆ. ಆಕಿ ಚಿಂತಿ ನಿನಗ್ಯಾಕವ್ವಾ, ಕೂತು ಬರಿ ಅಂದ್ರು."

"ಏನು ಬರದ್ರಿ?"

"ಐದ ಮನಿ ಹಾಕಿ ಒಂಬತ್ತು ಅಂತ ಬರದೆ. ಕೆಳಗ, ತಾಯಿಗೆ ಏನೂ ಸಿಗಲಿಲ್ಲ ಅಂತನೂ ಬರದು ಬಂದೆ."

ಆ ವಾಕ್ಯಕ್ಕೆ ಪರೀಕ್ಷಕರು ಅಂಕ ಕೊಟ್ಟರೋ ಕಳೆದರೋ ತಿಳಿಯದು, ವೈನಿ ಪಾಸಾದರು. ಬಾಲವಾಡಿಯ ಮೊದಲ ದಿನ ಅವ್ವ ತಾನೇ ಬುತ್ತಿ ಕಟ್ಟಿ ಅವರ ಕೈಗಿಟ್ಟಳು.

"ಇದನ್ನೂ ಹುಡುಗರಿಗೆ ಹಂಚಿ ಉಪಾಸ ಬಂದಿ ಅಂದ್ರ ನೋಡು."