ಹರಿಹರದ ಕಲ್ಲಿನಲ್ಲೊಂದು ಳಕಾರ

ಕಲ್ಲಿನ ಮೇಲೆ ಅಕ್ಷರ ಕೆತ್ತುವುದು ನನ್ನ ಕಸುಬು. ದಾವಣಗೆರೆಯಲ್ಲಿ ಈಗ ಯಂತ್ರದಲ್ಲಿ ಕೆತ್ತುವವರೇ ಹೆಚ್ಚು. ನಾನು ಇನ್ನೂ ಉಳಿ ಹಿಡಿಯುತ್ತೇನೆ. ನನ್ನ ಕೈ ನನಗೆ ಎಂದೂ ಮೋಸ ಮಾಡಿಲ್ಲ. ಹರಿಹರದ ಕಲ್ಲಿನಲ್ಲಿ ಆದ ತಪ್ಪು ಕೈಯದ್ದಲ್ಲ, ಬಾಯಿಯದ್ದು. ಕೇಳಬೇಕಾದದ್ದನ್ನು ನಾನು ಕೇಳಿರಲಿಲ್ಲ.

ಅಲ್ಲಿನ ರುದ್ರಭೂಮಿಯಲ್ಲಿ, ಗೇಟು ದಾಟಿದರೆ ಬಲಕ್ಕೆ, ಸುತ್ತಲಿನ ಊರುಗಳಿಂದ ಸೈನ್ಯಕ್ಕೆ ಹೋಗಿ ಮಡಿದ ಆರು ಜನರಿಗೆ ಸ್ಮಾರಕ ಕಟ್ಟಿಸಲು ನಿವೃತ್ತ ಸೈನಿಕರು ಹೊರಟಿದ್ದರು. ಅವರ ಮುಂದಾಳು ಒಬ್ಬ ಹವಾಲ್ದಾರರು. ಹೆಸರಿನ ಪಟ್ಟಿಯನ್ನು ಅವರೇ ತಂದುಕೊಟ್ಟರು. ಅದು ಇಂಗ್ಲಿಷಿನಲ್ಲಿತ್ತು. ಯಾರ ಮನೆಯ ಕೆಲಸವಾದರೂ ಮನೆಯವರಿಂದ ಹೆಸರು ಹೇಳಿಸಿಕೊಂಡೇ ಉಳಿ ಮುಟ್ಟುವವನು ನಾನು. ಆ ಸಲ ಕಚೇರಿಯ ಕಾಗದ ಎಂದು ನಂಬಿ, ಕನ್ನಡಕ್ಕೆ ಇಳಿಸಿಕೊಂಡು ಕೆತ್ತಿಬಿಟ್ಟೆ.

ಉದ್ಘಾಟನೆಗೆ ಹತ್ತು ದಿನವಿರುವಾಗ ನಂದಿಗುಡಿಯಿಂದ ಒಬ್ಬ ತಾಯಿ ಬಸ್ಸು ಹತ್ತಿ ಬಂದರು. ಆರರಲ್ಲಿ ಮೂರನೆಯ ಹೆಸರು ಅವರ ಮಗನದು. ಕಲ್ಲಿನ ಮುಂದೆ ನಿಂತು ತುಟಿ ಅಲ್ಲಾಡಿಸುತ್ತಾ ಓದಿದರು. ಆಮೇಲೆ ಚೀಲದಿಂದ ಮಗನ ಶಾಲೆಯ ಅಂಕಪಟ್ಟಿ ತೆಗೆದು ನನ್ನ ಕೈಗಿಟ್ಟರು.

"ಇದು ನನ್ನ ಮಗನ ಹೆಸರಲ್ಲ ನೋಡಪ್ಪ. ಇಲ್ಲಿ ಳ ಬರಬೇಕು. ನೀನು ಲ ಹಾಕೀಯ."

ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಅಕ್ಷರ. ಹವಾಲ್ದಾರರು ಸಮಾಧಾನದ ಮಾತಾಡಿದರು.

"ಒಂದಕ್ಷರ ತಾನೇ ಅವ್ವಾ? ಕಲ್ಲು ನಿಲ್ಲಿಸಿ ಆಗೈತೆ. ಅಷ್ಟು ಸಣ್ಣದನ್ನ ಯಾರು ನೋಡ್ತಾರೆ ಬಿಡ್ರಿ."

"ನಾನು ನೋಡ್ತೀನಿ," ಅಂದರು ಆಕೆ.

ಗ್ರಾನೈಟಿನ ಮೇಲಿನ ಲಕಾರವನ್ನು ತಿದ್ದಿ ಳಕಾರ ಮಾಡಲು ಬರುವುದಿಲ್ಲ. ಆ ಸಾಲನ್ನು ಅಕ್ಷರದ ಆಳಕ್ಕಿಂತ ಕೆಳಗೆ ಪಟ್ಟಿಯಂತೆ ತಗ್ಗಿಸಿ, ನುಣುಪು ಮಾಡಿ, ಮತ್ತೆ ಕೆತ್ತಬೇಕು. ಆದರೆ ಒಂದೇ ಸಾಲು ತಗ್ಗಿನಲ್ಲಿದ್ದರೆ ಆ ಹುಡುಗನ ಹೆಸರು ತೇಪೆ ಹಾಕಿದಂತೆ ಕಾಣುತ್ತದೆ.

"ಆರೂ ಸಾಲು ಒಂದೇ ಸಮ ತಗ್ಗಿಸಿ, ಆರೂ ಹೆಸರು ಹೊಸದಾಗಿ ಕೆತ್ತುತ್ತೀನಿ," ಅಂದೆ.

"ಹತ್ತು ದಿನದಾಗ ಆಗುತ್ತೇನ್ರಿ ಮೇಸ್ತ್ರಿ?" ಅಂದರು ಹವಾಲ್ದಾರರು.

"ಆಗುತ್ತೆ. ಮೊದಲು ಎಲ್ಲರ ಮನೆಗೂ ಹೋಗಿ ಬರೋಣ ನಡೀರಿ."

ಹವಾಲ್ದಾರರ ಸ್ಕೂಟರಿನ ಹಿಂದೆ ಕೂತು ಎರಡು ದಿನ ಸುತ್ತಿದೆ. ಆವರಗೆರೆಯ ಮನೆಯಲ್ಲಿ ಇನ್ನೊಂದು ತಪ್ಪು ಸಿಕ್ಕಿತು, ಒಂದು ದೀರ್ಘ ಬಿಟ್ಟುಹೋಗಿತ್ತು. ಅದನ್ನು ಕಂಡ ಮೇಲೆ ಹವಾಲ್ದಾರರು "ಒಂದಕ್ಷರ ತಾನೇ" ಅನ್ನುವುದನ್ನು ಬಿಟ್ಟರು.

ಕುಕ್ಕುವಾಡದಲ್ಲಿ ಇದ್ದವರು ಒಬ್ಬ ಅಜ್ಜಿ. ಗಂಡ ಸೈನ್ಯದಲ್ಲಿ ತೀರಿಕೊಂಡಾಗ ಆಕೆಗಿನ್ನೂ ಚಿಕ್ಕ ವಯಸ್ಸು. ಶೇಂಗಾ ಬಿಡಿಸುತ್ತಾ ಕೂತಿದ್ದರು.

"ಯಜಮಾನರ ಹೆಸರು ಒಂದ್ಸಲ ಬಾಯಿಬಿಟ್ಟು ಹೇಳ್ರಿ," ಅಂದೆ.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಅಯ್ಯ, ಅವರ ಹೆಸರು ನಾನು ಯಾವತ್ತೂ ಹೇಳಿಲ್ಲಪ್ಪ. ಒಡಪಿನ ಪದದಾಗ ಸೇರಿಸಿ ಹೇಳಿದ್ದಷ್ಟೇ, ಮದುವೆ ದಿನ."

"ನನಗಲ್ಲ ಅಜ್ಜಿ, ಕಲ್ಲಿಗೆ ಬೇಕು."

ಅವರು ಮೊರ ಪಕ್ಕಕ್ಕಿಟ್ಟರು, ಎದ್ದು ನಿಂತರು, ಸೆರಗು ಸರಿ ಮಾಡಿಕೊಂಡು ಹೆಸರು ಹೇಳಿದರು. ನಾನು ಬರೆದುಕೊಳ್ಳುವಷ್ಟರಲ್ಲಿ, ಯಾರೂ ಕೇಳದೆಯೇ, ಇನ್ನೊಂದು ಸಲ ಹೇಳಿದರು, ಸ್ವಲ್ಪ ಜೋರಾಗಿ. ನನ್ನ ಪಟ್ಟಿಯಲ್ಲಿ ಆ ಹೆಸರು ಸರಿಯಾಗಿಯೇ ಇತ್ತು. ಅದನ್ನು ನಾನು ಹೇಳಲಿಲ್ಲ.

ಉಳಿದ ದಿನಗಳು ರುದ್ರಭೂಮಿಯಲ್ಲೇ ಕಳೆದವು. ಬಿಸಿಲಿಗೆ ಒಂದು ಟಾರ್ಪಾಲು ಕಟ್ಟಿಕೊಂಡಿದ್ದೆ. ದಿನಕ್ಕೆ ಒಂದೋ ಎರಡೋ ಶವ ಬರುತ್ತಿದ್ದವು. ಆಗ, ಸಾಲು ತಗ್ಗಿಸಲು ತಂದಿದ್ದ ಗ್ರೈಂಡರ್ ನಿಲ್ಲಿಸಿ, ಎದ್ದು ನಿಲ್ಲುತ್ತಿದ್ದೆ. ಮಣ್ಣು ಮುಗಿಸಿ ಹಿಂತಿರುಗುವವರು ಟಾರ್ಪಾಲಿನ ಕೆಳಗೆ ಬಗ್ಗಿ ಹೆಸರುಗಳನ್ನು ಓದುತ್ತಿದ್ದರು. "ಇವ್ನು ನಮ್ಮ ಜತೆ ಓದಿದವ್ನು" ಎಂದು ಒಬ್ಬರು ಅಲ್ಲೇ ಬಹಳ ಹೊತ್ತು ಕೂತಿದ್ದೂ ಉಂಟು. ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ಆರನೆಯ ಹೆಸರು ಮುಗಿಯಿತು. ನೀರು ಸುರಿದು ತೊಳೆದು ದೂರ ನಿಂತು ನೋಡಿದೆ. ನಾನು ಮಾಡಿದ ಕೆಲಸಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ಮರುದಿನ ಭಾಷಣಗಳಾದವು, ಹೂವಿನ ಹಾರಗಳಾದವು. ಗಣ್ಯರು ಹೋದ ಮೇಲೆ ನಂದಿಗುಡಿಯ ತಾಯಿ ಕಲ್ಲಿನ ಹತ್ತಿರ ಬಂದರು. ಮಗನ ಹೆಸರಷ್ಟೇ ಅಲ್ಲ, ಆರೂ ಹೆಸರನ್ನು ಗಟ್ಟಿಯಾಗಿ ಓದಿದರು. ಕುಕ್ಕುವಾಡದ ಅಜ್ಜಿ ಅವರ ಭುಜ ಹಿಡಿದುಕೊಂಡು ಕೇಳಿಸಿಕೊಂಡರು. ಹವಾಲ್ದಾರರು ಅಟೆನ್ಷನ್‌ನಲ್ಲಿ ನಿಂತಿದ್ದರು.

ಓದಿ ಮುಗಿಸಿದ ಆ ತಾಯಿ ಕೆಳಗಿನ ನುಣುಪಾದ ಖಾಲಿ ಜಾಗದ ಮೇಲೆ ಕೈಯಾಡಿಸಿದರು. ಮುಂದೆ ಇನ್ನಷ್ಟು ಹೆಸರು ಸೇರಿಸಬೇಕಾದೀತೆಂದು ಹವಾಲ್ದಾರರು ಖಾಲಿ ಬಿಡಿಸಿದ್ದ ಜಾಗ ಅದು.

"ಇದು ಹಿಂಗೇ ಇರ್ಲಿ," ಅಂದರು ನನಗೆ. "ಇಲ್ಲಿ ನಿನಗೆ ಕೆಲಸ ಬರೋದು ಬ್ಯಾಡ."

"ಆಗ್ಲಿ ಅವ್ವಾ," ಅಂದೆ.