ಬಾವಿಯೊಳಗೆ ತೂಗುಬಿಟ್ಟ ಮರಬಾಳೆ

ಈಗಿನ ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಅಲ್ಲಿ ನನ್ನ ಅಪ್ಪ ನಿವೃತ್ತ ಇಂಜಿನಿಯರರೊಬ್ಬರ ತೋಟ ನೋಡಿಕೊಳ್ಳುತ್ತಿದ್ದ. ನಾವಿದ್ದದ್ದೂ ಅದೇ ಹಿತ್ತಲಿನ ಒಂದು ಮನೆಯಲ್ಲಿ. ಮಹಾರಾಜರ ಸರ್ಕಾರದ ಕೆಲಸದ ಮೇಲೆ ಊರೂರು ಸುತ್ತಿದ್ದ ಆ ಯಜಮಾನರಿಗೆ ಮರಬಾಳೆಯ ಹುಚ್ಚು. ಮರದ ಕೊಂಬೆಯನ್ನು ಅಪ್ಪಿಕೊಂಡು, ಬೇರುಗಳನ್ನು ಬರಿಗಾಳಿಗೆ ಇಳಿಬಿಟ್ಟು ಬದುಕುವ ಗಿಡ ಅದು. ಅವರು ಅದನ್ನು ವಾಂಡ ಎಂದು ಕರೆಯುತ್ತಿದ್ದರು.

ಮಾಗಡಿ ಕಾಡಿನಿಂದ ತಂದ ಮರಬಾಳೆಯದು ಏನೂ ಕಾಟವಿರಲಿಲ್ಲ. ಹುಣಸೆಮರಕ್ಕೆ ಕಟ್ಟಿದರೆ ಸಾಕು, ಸುಡುಬೇಸಿಗೆಯಲ್ಲೇ ಕಂದುಗೆರೆಯ ಹೂ ಬಿಟ್ಟು ಘಮಘಮಿಸುತ್ತಿತ್ತು. ಕಷ್ಟವಿದ್ದದ್ದು ನೀಲಿ ಹೂವಿನದ್ದು. ಅಸ್ಸಾಮಿನ ಕಡೆಯ ತಂಪು ಬೆಟ್ಟಗಳಿಂದ ರೈಲಿನಲ್ಲಿ ಬಂದ ಗಿಡ. ನಮ್ಮೂರ ಬಂಡೆಗಳೋ ಹಗಲೆಲ್ಲ ಕಾದು, ಕತ್ತಲಾದ ಮೇಲೂ ಬಿಸಿ ಉಗುಳುತ್ತಿದ್ದವು. ಎಲೆಗಳು ಸುಕ್ಕುಗಟ್ಟಿದವು, ಬೇರಿನ ತುದಿಗಳು ಕರಕಲಾದವು. ಕೊನೆಗೆ ಯಜಮಾನರು ಒಂದು ಉಪಾಯ ಹೇಳಿದರು. ಬಿಸಿಲೇರುವ ಮೊದಲು ಬುಟ್ಟಿಯನ್ನು ಬಾವಿಯೊಳಗೆ ತೂಗುಹಾಕುವುದು, ಸಂಜೆ ಮೇಲೆ ತರುವುದು.

ಕಟ್ಟೆಯಿಲ್ಲದ ದೊಡ್ಡ ಬಾವಿ ಅದು. ಗೋಡೆಯಿಂದ ಚಾಚಿದ ಕಲ್ಲುಗಳೇ ಮೆಟ್ಟಿಲು. ಅರ್ಧ ಇಳಿದರೆ ಒಬ್ಬರು ನಿಲ್ಲುವಷ್ಟು ಗೂಡು, ಅಲ್ಲೊಂದು ಕಬ್ಬಿಣದ ಕೊಕ್ಕೆ. ಅಪ್ಪ ಇಳಿದಾಗಲೆಲ್ಲ ನಾನು ಅಂಚಿನಲ್ಲಿ ಕೂತು "ಅಪ್ಪಾ" ಎನ್ನುತ್ತಿದ್ದೆ. "ಇವ್ನಿ ಕಣವ್ವ" ಎಂದು ಕೆಳಗಿನಿಂದ ದನಿ ಬರುವ ತನಕ ಅಲ್ಲಿಂದ ಏಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಮ್ಮ ನಾಯಿ ಒಲೆಯ ಹಿಂದೆ ಅವಿತುಕೊಂಡು ಹೊರಗೆ ಬರಲೇ ಇಲ್ಲ. ಅದಕ್ಕೇನೋ ಕಾಯಿಲೆ ಎಂದುಕೊಂಡೆವು. ಅಪ್ಪ ಬುಟ್ಟಿ ಹಿಡಿದು ಬಾವಿಗಿಳಿದ. ನಾನು ಎಂದಿನಂತೆ ಕೂಗಿದೆ. ಉತ್ತರ ಬರಲಿಲ್ಲ. ಬದಲಿಗೆ, ಯಾರೋ ಗರಗಸದಿಂದ ಹಲಗೆ ಕೊಯ್ಯುತ್ತಿರುವಂಥ ಸದ್ದು ಕೇಳಿತು. ಬಗ್ಗಿ ನೋಡಿದೆ. ನೀರಿನ ಅಂಚಿನ ಕಲ್ಲಿಗೆ ತೊಯ್ದು ತೊಪ್ಪೆಯಾದ ಚಿರತೆಯೊಂದು ಉಗುರು ಊರಿ ಜೋತುಬಿದ್ದಿತ್ತು. ಅಪ್ಪ ಗೂಡಿನಲ್ಲಿ ಗೋಡೆಗೆ ಬೆನ್ನು ಅಂಟಿಸಿ ನಿಂತಿದ್ದ.

"ಕಿರುಚ್ಬ್ಯಾಡ ಕಣವ್ವ," ಎಂದ ಮೆಲ್ಲಗೆ. "ಓಡ್ಬ್ಯಾಡ. ಒಸಿ ಹಿಂದಕ್ ಸರ್ಕೊಂಡು ಅವ್ವನ್ನ ಕರಿ."

ಅವ್ವ ಸಗಣಿಗೈಯಲ್ಲೇ ಬಂದಳು. ಅಷ್ಟರಲ್ಲಿ ಅಪ್ಪ ಮೇಲಿನ ಕಲ್ಲಿಗೆ ಒಂದು ಕಾಲಿಟ್ಟ. ಚಿರತೆ ಅಬ್ಬರಿಸಿ ಎರಡು ಕಲ್ಲು ಹಾರಿ, ಮತ್ತೆ ಜಾರಿ ನೀರಿಗೆ ಬಿತ್ತು. ಇಡೀ ಬಾವಿ ಗುಡುಗಿದಂತಾಯಿತು. ಅಪ್ಪ ಕಾಲು ಹಿಂದಕ್ಕೆಳೆದುಕೊಂಡ.

ಸದ್ದು ಕೇಳಿ ಯಜಮಾನರು ಕೋವಿ ಹಿಡಿದು ಓಡಿಬಂದರು. ಬಾವಿಯೊಳಕ್ಕೆ ಗುರಿ ಹಿಡಿದರು.

"ಬ್ಯಾಡಿ ಸ್ವಾಮಿ," ಎಂದು ಅವ್ವ ಅಡ್ಡ ನಿಂತಳು. "ಗುರಿ ತಪ್ಪುದ್ರೆ ನನ್ ಗಂಡಂಗೇ ಬೀಳ್ತದೆ. ಅದುಕ್ಕೆ ನಿಲ್ಲಕ್ ಜಾಗ ಇಲ್ಲ, ಅದ್ಕೇ ಮೇಲಕ್ ಬತ್ತೈತೆ. ಮಂಚ ಇಳ್ಸಾನ."

ನಮ್ಮ ಹುರಿಮಂಚದ ನಾಲ್ಕು ಕಾಲಿಗೂ ಹಗ್ಗ ಕಟ್ಟಿದೆವು. ಯಜಮಾನರು ಕೋವಿ ಕೆಳಗಿಟ್ಟು ಎರಡು ಹಗ್ಗ ಹಿಡಿದರು, ಅವ್ವ ಒಂದು, ನಾನೊಂದು. ಅಪ್ಪನಿಗೆ ಎದುರು ಬದಿಯಿಂದ ಮಂಚವನ್ನು ಇಳಿಸಿದೆವು. ಅದು ನೀರಿಗೆ ತಾಗಿದ್ದೇ ಚಿರತೆ ಈಜಿ ಬಂದು ಹತ್ತಿತು. ಹಗ್ಗ ನನ್ನ ಅಂಗೈಯ ಚರ್ಮವನ್ನು ಸುಲಿದುಕೊಂಡು ಸರಿಯಿತು. ಬಿಟ್ಟರೆ ಅಪ್ಪ ಸಾಯುತ್ತಾನೆ ಎಂಬುದೊಂದೇ ತಲೆಯಲ್ಲಿತ್ತು. ಹಗ್ಗವನ್ನು ಹತ್ತಿರದ ಬೇವಿನ ಬುಡಕ್ಕೆ ಒಂದು ಸುತ್ತು ಹಾಕಿ ಅದಕ್ಕೆ ನೇತುಬಿದ್ದೆ. ಮಂಚದ ಮೇಲೆ ಚಿರತೆ ಏದುಸಿರು ಬಿಡುತ್ತಾ ಮಲಗಿ, ಕಣ್ಣು ಮಾತ್ರ ಅಪ್ಪನ ಮೇಲೆ ನೆಟ್ಟಿತ್ತು.

ಅಪ್ಪ ಒಂದೊಂದೇ ಕಲ್ಲು ಹತ್ತಿದ. ಮೇಲೆ ಬಂದವನು ಅಲ್ಲೇ ಕುಕ್ಕರಿಸಿದ. ಅವನ ಪಂಚೆ ಒದ್ದೆಯಾಗಿತ್ತು. ಅದು ಬಾವಿಯ ನೀರೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ.

ಹಗ್ಗಗಳನ್ನು ಬೇವಿಗೆ ಬಿಗಿದು, ಚಿರತೆ ತಾನೇ ಹತ್ತಿಹೋಗಲೆಂದು ಉದ್ದನೆಯ ಬಿದಿರೇಣಿ ಇಳಿಸಿ, ಎಲ್ಲರೂ ಯಜಮಾನರ ಮನೆಯೊಳಗೆ ಅಗುಳಿ ಹಾಕಿ ಕೂತೆವು. ಹೊತ್ತು ಮುಳುಗುವಾಗ ಏಣಿ ಕಿರ್ ಎಂದಿತು. ಆಮೇಲೆ ಬಾಗಿಲಾಚೆ, ನಾವು ಒರಗಿ ಕೂತಿದ್ದ ಗೋಡೆಯ ಪಕ್ಕದಲ್ಲೇ, ಮೈ ಕೊಡವಿದ ಸದ್ದು. ಅವ್ವ ತನ್ನ ಸೆರಗನ್ನು ನನ್ನ ಬಾಯಿಗೆ ಒತ್ತಿ ಹಿಡಿದಿದ್ದಳು.

ಬೆಳಗಾದ ಮೇಲೆ ನೋಡಿದರೆ ಹೆಜ್ಜೆಗಳು ಬೆಟ್ಟದ ಕಡೆಗೆ ಹೋಗಿದ್ದವು. ಅಪ್ಪನ ಕೈಜಾರಿ ಬಿದ್ದಿದ್ದ ಗಿಡದ ಬುಟ್ಟಿ ನೀರಿನಲ್ಲಿ ತೇಲುತ್ತಿತ್ತು. ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿಯಿಂದ ಅದನ್ನು ಎಳೆದುಕೊಂಡೆವು. ಅರ್ಧ ಎಲೆ ಮುರಿದಿದ್ದರೂ ಬೇರು ಹಸಿರಾಗಿತ್ತು. ಯಜಮಾನರು ಅದನ್ನು ಕೊಡಗಿನಲ್ಲಿದ್ದ ತಂಗಿಯ ಮನೆಗೆ ಸಾಗಿಸಿಬಿಟ್ಟರು. ಅಲ್ಲಿಯ ಚಳಿಗೆ ಚೇತರಿಸಿಕೊಂಡು, ಮುಂದೊಂದು ಮಳೆಗಾಲ ಕಳೆದ ಮೇಲೆ ನೀಲಿ ಹೂಗೊಂಚಲು ಬಿಟ್ಟಿತಂತೆ. ನಾನು ಆ ಹೂವನ್ನು ನೋಡಲೇ ಇಲ್ಲ. ಅಪ್ಪ ಹುಣಸೆಮರದ ಮರಬಾಳೆಗೆ ನೀರು ಚಿಮುಕಿಸುವುದನ್ನು ಮುಂದುವರಿಸಿದ, ಆದರೆ ಮರದ ಹಿಂದೆ ಎಲೆ ಅಲುಗಿದರೂ ಕೈ ನಿಲ್ಲುತ್ತಿತ್ತು.

ಕನಕಪುರಕ್ಕೆ ಸೊಸೆಯಾಗಿ ಹೋದ ಹೊಸತರಲ್ಲಿ, ನೀರು ಸೇದುವ ಮುಂಚೆ ನಾನು ಬಾವಿಗೊಂದು ಕಲ್ಲು ಎಸೆದು ಕಿವಿಗೊಟ್ಟು ನಿಲ್ಲುತ್ತಿದ್ದೆ.

"ಅದ್ಯಾಕವ್ವ ಕುಡಿಯೋ ನೀರ್ಗೆ ಕಲ್ಲಾಕ್ತೀಯ?" ಎಂದು ಅತ್ತೆ ಒಂದು ದಿನ ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಮಾರನೆಯ ದಿನದಿಂದ, ನಾನು ಬಿಂದಿಗೆ ಇಳಿಬಿಡುವಾಗ ಪಕ್ಕದಲ್ಲಿ ಬಂದು ನಿಲ್ಲತೊಡಗಿದರು.